ಒಗೆದ ಬಟ್ಟೆಗಳ ಲೆಕ್ಕ

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಮೊದಲ ಸಲ ಬಂದಾಗ ಕಾಯಿಲೆ ಇಬ್ಬರಲ್ಲಿ ಯಾರಿಗೆ ಎಂದು ನೋಡಿದವರು ಹೇಳುವಂತಿರಲಿಲ್ಲ. ಅರವತ್ತಾರು ವರ್ಷದ ಆಕೆ ನೆಟ್ಟಗೆ ಕುಳಿತಿದ್ದರು. ಪತಿ ಮಾತ್ರ ಆಸ್ಪತ್ರೆಯ ಫೈಲನ್ನು ಎದೆಗೊತ್ತಿಕೊಂಡು ಕುರ್ಚಿಯಲ್ಲಿ ಕುಸಿದಿದ್ದರು. ಆಕೆಗೆ ಮೆಸೊಥೆಲಿಯೋಮಾ ಎಂದು ಬಯಾಪ್ಸಿಯಲ್ಲಿ ಖಚಿತವಾಗಿ ಮೂರು ವಾರವಾಗಿತ್ತು. ಶ್ವಾಸಕೋಶವನ್ನು ಸುತ್ತಿಕೊಂಡಿರುವ ತೆಳು ಪೊರೆಗೆ ಬಂದ ಕ್ಯಾನ್ಸರ್. ಎದೆಯಲ್ಲಿ ತುಂಬಿದ್ದ ನೀರನ್ನು ತೆಗೆಸಿದ್ದರು. ಅದು ಮತ್ತೆ ತುಂಬಿತ್ತು.

“ಇದನ್ನು ಇವಳಿಗೆ ತಂದುಕೊಟ್ಟವನು ನಾನೇ” ಎಂಬುದು ಪತಿಯ ಮೊದಲ ಮಾತು.

ಯೌವನದಲ್ಲಿ ಹನ್ನೊಂದು ವರ್ಷ ಅವರು ಬಾಯ್ಲರ್‌ಗಳಿಗೂ ಉಗಿ ಕೊಳವೆಗಳಿಗೂ ಕಲ್ನಾರಿನ (ಆಸ್ಬೆಸ್ಟಾಸ್) ಹೊದಿಕೆ ಸುತ್ತುವ ಕೆಲಸದಲ್ಲಿದ್ದರು. ಸಂಜೆ ಬಟ್ಟೆಯಲ್ಲೆಲ್ಲ ಬಿಳಿ ಧೂಳು. ಆಕೆ ಅದನ್ನು ಹೊಸ್ತಿಲಾಚೆ ಜೋರಾಗಿ ಕೊಡವಿ ಒಗೆಯಲು ಹಾಕುತ್ತಿದ್ದರು. ಕಲ್ನಾರಿನ ಎಳೆ ಒಳಹೊಕ್ಕ ಮೇಲೆ ಈ ಕಾಯಿಲೆ ತಲೆಯೆತ್ತಲು ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯಬಹುದು. ಪತಿಯ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಅದೇ ಅವರನ್ನು ಇನ್ನಷ್ಟು ಕೊರೆಯುತ್ತಿತ್ತು. ಫೈಲಿನೊಳಗಿನ ಒಂದು ಲಕೋಟೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಗುಣಾಕಾರ ಮಾಡಿಟ್ಟಿದ್ದರು: ವಾರಕ್ಕೆ ಎರಡು ಸಲ, ವರ್ಷಕ್ಕೆ 52 ವಾರ, 11 ವರ್ಷ. ಒಟ್ಟು 1,144 ಸಲ ಒಗೆದ ಬಟ್ಟೆ.

ಆಕೆಯೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದಾಗ ಬೇರೆಯದೇ ಸಂಗತಿ ಹೊರಬಿತ್ತು. “ರಾತ್ರಿ ಇವರು ಎದ್ದು ಕೂರುತ್ತಾರೆ. ನಾನೂ ಎದ್ದು ಸಮಾಧಾನ ಹೇಳಬೇಕು. ನಾನು ಅತ್ತರೆ ಇವರು ಇನ್ನೂ ಕುಗ್ಗುತ್ತಾರೆ. ಅದಕ್ಕೇ ಅಳುವುದನ್ನೇ ಬಿಟ್ಟಿದ್ದೇನೆ.” ರೋಗಿಯೇ ಶುಶ್ರೂಷಕಿಯಾಗಿದ್ದರು. ಪಶ್ಚಾತ್ತಾಪ ಎಷ್ಟೇ ಪ್ರಾಮಾಣಿಕವಾಗಿದ್ದರೂ ಮನೆಯ ಜಾಗವನ್ನೆಲ್ಲ ತಾನೇ ಆಕ್ರಮಿಸಿಕೊಂಡರೆ ಹಾಸಿಗೆ ಹಿಡಿದವರಿಗೆ ಜಾಗ ಉಳಿಯುವುದಿಲ್ಲ.

“ನಿಮ್ಮ ತಪ್ಪಲ್ಲ ಬಿಡಿ” ಎಂದು ನಾನು ಪತಿಗೆ ಹೇಳಲಿಲ್ಲ. ನೆಂಟರೆಲ್ಲ ಅದನ್ನು ಹೇಳಿ ಮುಗಿಸಿದ್ದರು. ಧೂಳು ಬಂದದ್ದು ಅವರ ಬಟ್ಟೆಯ ಮೇಲೇ ಎಂಬುದನ್ನು ಮೊದಲು ಒಪ್ಪಿಕೊಂಡೆ. ಆಮೇಲೆ ಕೇಳಿದೆ: ಆಗ ಇದು ಯಾರಿಗೆ ಗೊತ್ತಿತ್ತು? ದಕ್ಷಿಣ ಆಫ್ರಿಕಾದ ವೈದ್ಯರು ಕಲ್ನಾರಿಗೂ ಈ ಕ್ಯಾನ್ಸರಿಗೂ ನಂಟಿದೆಯೆಂದು ಪ್ರಕಟಿಸಿದ್ದು 1960ರಲ್ಲಿ. ಕೆಲಸಗಾರರ ಮನೆಯವರಿಗೂ ಇದು ಬರುತ್ತದೆಂದು ಲಂಡನ್ನಿನ ಅಧ್ಯಯನವೊಂದು ತೋರಿಸಿದ್ದು 1965ರಲ್ಲಿ. “ನೀವು ಕೆಲಸಕ್ಕೆ ಸೇರುವ ಹೊತ್ತಿಗೆ ಅವೆರಡೂ ಅಚ್ಚಾಗಿದ್ದವು. ನಿಮಗೆ ಯಾರಾದರೂ ಹೇಳಿದರೇ? ಬಟ್ಟೆ ಬದಲಿಸಲು ಒಂದು ಕೋಣೆ ಕೊಟ್ಟರೇ?” ಅವರು ಬಹಳ ಹೊತ್ತು ಸುಮ್ಮನಿದ್ದರು. ಕಾರಣವಾಗುವುದು ಬೇರೆ, ತಪ್ಪು ಮಾಡುವುದು ಬೇರೆ. ಅದು ತಲೆಗೆ ಹೋಯಿತು, ಎದೆಗಿಳಿಯಲು ಇನ್ನೂ ನಾಲ್ಕು ಭೇಟಿ ಬೇಕಾದವು.

ಅವರಿಗೆ ಕೊಟ್ಟ ಸಲಹೆ ಖಡಕ್ಕಾಗಿತ್ತು. ತಪ್ಪಿನ ಮಾತೆಲ್ಲ ನನ್ನ ಕೋಣೆಯಲ್ಲಿ, ಮನೆಯಲ್ಲಿ “ಈಗ ನಿನಗೇನು ಬೇಕು?” ಎಂಬ ಪ್ರಶ್ನೆ ಮಾತ್ರ. ಲೆಕ್ಕ ಮಾಡುವ ಆ ಕೈಗೂ ಕೆಲಸ ಕೊಟ್ಟೆ: ಎಲ್ಲೆಲ್ಲಿ, ಯಾವ ವರ್ಷ, ಯಾವ ವಸ್ತು ಬಳಸಿ, ಯಾರ ಜೊತೆ ದುಡಿದಿರಿ, ಎಲ್ಲ ಬರೆದಿಡಿ. ವೈದ್ಯರಿಗೂ ಬೇಕು, ಪರಿಹಾರ ಕೇಳುವುದಾದರೆ ವಕೀಲರಿಗೂ ಬೇಕು. ಅಂಥ ಅರ್ಜಿಗೆ ಕಾಲಮಿತಿ ಇರುವುದುಂಟು, ತಡಮಾಡಬೇಡಿ ಎಂದೆ. ಪತ್ನಿಗೊಂದು ಪತ್ರ ಬರೆಯಿರಿ ಎಂದೂ ಹೇಳಿದ್ದೆ. ಅದನ್ನು ಅವರು ಬರೆಯಲೇ ಇಲ್ಲ. ಒತ್ತಾಯಿಸಲಿಲ್ಲ.

ಮಗಳದು ಮತ್ತೊಂದು ಪಾಡು. ಮೊಬೈಲ್ ತುಂಬ ಬದುಕುಳಿಯುವ ತಿಂಗಳುಗಳ ಅಂಕಿ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಪೊರೆಯ ಮೆಸೊಥೆಲಿಯೋಮಾ ಪತ್ತೆಯಾದಾಗ ಬದುಕುಳಿಯುವ ಅವಧಿಯ ಮಧ್ಯಾಂಕ, ಅಂದರೆ ರೋಗಿಗಳಲ್ಲಿ ಅರ್ಧದಷ್ಟು ಜನ ತೀರಿಕೊಂಡಿರುವ ಹೊತ್ತು, ಎಂಟು ತಿಂಗಳಿತ್ತು. ಅವರು ಇಪ್ಪತ್ತು ವರ್ಷ ಬದುಕಿ ಬೇರೆಯೇ ಕ್ಯಾನ್ಸರಿನಿಂದ ತೀರಿಕೊಂಡರು. ಈ ಕಥೆಯನ್ನು ನಾನು ಎಲ್ಲರಿಗೂ ಹೇಳುವುದಿಲ್ಲ, ಕೆಲವರು ಅದನ್ನು ಭರವಸೆಯ ಚೀಟಿಯಂತೆ ಜೇಬಿಗಿಳಿಸಿಕೊಳ್ಳುತ್ತಾರೆ. ಅರ್ಧದಷ್ಟು ಜನ ಮಧ್ಯಾಂಕದ ಆಚೆಗೂ ಇರುತ್ತಾರೆ, ಅಮ್ಮ ಯಾವ ಕಡೆ ಎಂದು ಆ ಅಂಕಿ ಹೇಳಲಾರದು, ಇಷ್ಟನ್ನೇ ಮಗಳಿಗೆ ತಿಳಿಸಿದೆ. ಅಮ್ಮನಿಗೆ ಅಂಕಿ ಬೇಕೇ ಎಂದು ಅಮ್ಮನನ್ನೇ ಕೇಳಿ ಎಂದೆ. ಆಕೆಗೆ ಬೇಡವಾಗಿತ್ತು.

ಆಕೆಗೆ ಬೇಕಾದದ್ದು ಉಸಿರು. ನೋವು, ಏದುಸಿರಿನಂಥ ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಎಂದರೆ ವೈದ್ಯರು ಕೈಬಿಟ್ಟರು ಎಂದೇ ಅರ್ಥವೆಂದುಕೊಂಡಿದ್ದರು. ಚಿಕಿತ್ಸೆಯ ಜೊತೆಜೊತೆಗೇ ಅದನ್ನು ಪಡೆಯಬಹುದೆಂದು ತಿಳಿಸಿ ಆ ತಂಡಕ್ಕೆ ಕಳುಹಿಸಿದೆ. ಉಸಿರು ಸಿಕ್ಕಿಕೊಂಡಾಗ ಮುಂದಕ್ಕೆ ಬಾಗಿ ಮೊಣಕೈಗಳನ್ನು ಮೇಜಿಗೆ ಊರುವುದು, ಸೀಟಿ ಹಾಕುವಂತೆ ತುಟಿ ಕೂಡಿಸಿ ನಿಧಾನವಾಗಿ ಗಾಳಿ ಬಿಡುವುದು, ಮೂಗು ಕೆನ್ನೆಗಳಿಗೆ ಗಾಳಿ ತಾಕುವಂತೆ ಪುಟ್ಟ ಫ್ಯಾನ್ ಹಿಡಿಯುವುದು, ಇವನ್ನೆಲ್ಲ ಅವರು ಕಲಿಸಿದರು. ಮುಖಕ್ಕೆ ತಂಗಾಳಿ ತಗಲಿದರೆ ಏದುಸಿರಿನ ಸಂಕಟ ತುಸು ತಗ್ಗುತ್ತದೆ.

ಆರನೆಯ ಭೇಟಿಯಲ್ಲಿ, ಮಾತಿನ ನಡುವೆ, ಆಕೆ ಅತ್ತರು. ಅಳುವಿಗೆ ಉಸಿರು ಸಿಕ್ಕಿಕೊಂಡಿತು. ಪತಿ ಕ್ಷಮೆ ಕೇಳಲಿಲ್ಲ, ತಾವು ಅಳಲಿಲ್ಲ. ಚೀಲದಿಂದ ಬ್ಯಾಟರಿಯ ಫ್ಯಾನ್ ತೆಗೆದು ಮುಖದ ಮುಂದೆ ಹಿಡಿದರು.

“ಸ್ವಲ್ಪ ಎಡಕ್ಕೆ” ಎಂದರು ಆಕೆ.