ಸಿನಿಮಾ ಆಮೇಲೆ, ಮೊದಲು ಆ ಗೆಳೆಯನ ವಿಷಯ

ಹಾಸನ ಜಿಲ್ಲೆಯ ಒಬ್ಬ ತಾಯಿಯ ಪತ್ರ ಓದಿ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಈ ವಾರ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಇದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಅವರ ಮಗನಿಗೆ ಹದಿನೇಳು. ಎರಡನೇ ಪಿಯುಸಿ, ಜೊತೆಗೆ ನೀಟ್ ಕೋಚಿಂಗ್. ‘ಬ್ಯಾಟಲ್ ರಾಯಲ್’ ಅನ್ನೋ ಜಪಾನಿ ಸಿನಿಮಾವನ್ನು ಅವನು ಮತ್ತೆ ಮತ್ತೆ ನೋಡುತ್ತಿದ್ದಾನೆ. ಒಂದೇ ಕ್ಲಾಸಿನ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವ ಕಥೆ ಅದು. ಇದಕ್ಕಿಂತ ಒಳ್ಳೆ ಸಿನಿಮಾ ಇಲ್ಲ ಅನ್ನುತ್ತಾನೆ ಮಗ. ರಕ್ತ ಬಿಟ್ಟರೆ ಇದರಲ್ಲಿ ಏನೂ ಇಲ್ಲ ಅನ್ನುತ್ತಾಳೆ ಬೆಂಗಳೂರಿನಲ್ಲಿರುವ ಅಕ್ಕ. ಮೈದುನ ಅರ್ಧ ಗಂಟೆ ನೋಡಿ ಎದ್ದುಬಿಟ್ಟರು. ಆಮೇಲೆ ಒಂದು ಗೃಹಪ್ರವೇಶದಲ್ಲಿ ನೆಂಟರೆಲ್ಲರ ಮುಂದೆ, “ಇವನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ, ನಾಳೆ ಯಾರಿಗಾದರೂ ಚುಚ್ಚಿಯಾನು” ಅಂದರು. ಅವತ್ತೇ ಯಜಮಾನರು ಮಗನ ಫೋನ್ ಕಿತ್ತಿಟ್ಟರು. ಮಗ ಮನೆಯಲ್ಲಿ ಮಾತು ಬಿಟ್ಟಿದ್ದಾನೆ. “ನನ್ನ ಮಗ ಕೆಟ್ಟುಹೋಗುತ್ತಿದ್ದಾನಾ?” ಅಂತ ತಾಯಿ ಕೇಳಿದ್ದಾರೆ.

ಅಮ್ಮಾ, ನಿಮ್ಮ ಪತ್ರ ನಾಲ್ಕು ಪುಟ ಇದೆ. ಮೂರನೇ ಪುಟದ ಕೊನೆಯಲ್ಲಿ ಹೀಗೊಂದು ಸಾಲು ಬರೆದಿದ್ದೀರಿ: “ಹೈಸ್ಕೂಲಿನಿಂದ ಜೊತೆಗಿದ್ದ ಗೆಳೆಯನೂ ಈಗ ಮನೆಗೆ ಬರುವುದಿಲ್ಲ. ಟೆಸ್ಟ್ ಮಾರ್ಕ್ಸ್ ಕಡಿಮೆಯಾಗಿ ಇವನನ್ನು ಮೂರನೇ ಬ್ಯಾಚಿಗೆ ಹಾಕಿದ್ದಾರೆ, ಇಬ್ಬರಿಗೂ ಪುರುಸೊತ್ತಿಲ್ಲ.” ಅಷ್ಟೇ. ಮುಂದಿನ ಸಾಲಿಗೆ ಮತ್ತೆ ಸಿನಿಮಾದ ರಕ್ತಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಮಾತ್ರ ಆ ಸಾಲು ದಾಟಿ ಮುಂದೆ ಹೋಗಲು ಆಗಲಿಲ್ಲ.

ನೀವು ಸಿನಿಮಾ ನೋಡಿಲ್ಲ, ಹಾಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಕೌಶುನ್ ತಕಾಮಿ ಎಂಬುವರ 1999ರ ಕಾದಂಬರಿಯನ್ನು ಕಿಂಜಿ ಫುಕಾಸಾಕು 2000ದಲ್ಲಿ ಸಿನಿಮಾ ಮಾಡಿದರು. ಚಿತ್ರಕಥೆ ಬರೆದದ್ದು ಅವರ ಮಗ ಕೆಂಟಾ. ಕಥೆಯಲ್ಲಿ ಸರ್ಕಾರ 42 ಮಕ್ಕಳನ್ನು ಒಂದು ದ್ವೀಪಕ್ಕೆ ಸಾಗಿಸುತ್ತದೆ. ಎಲ್ಲರ ಕುತ್ತಿಗೆಗೂ ಸಿಡಿಯುವ ಪಟ್ಟಿ. ಮೂರು ದಿನದಲ್ಲಿ ಒಬ್ಬರೇ ಉಳಿಯಬೇಕು, ಇಲ್ಲವಾದರೆ ಎಲ್ಲರೂ ಸಾಯಬೇಕು. ಒಬ್ಬನ ಕೈಗೆ ಬಂದೂಕು ಸಿಕ್ಕರೆ ಇನ್ನೊಬ್ಬನಿಗೆ ಸಿಗುವುದು ಪಾತ್ರೆಯ ಮುಚ್ಚಳ. ಹಳೆಯ ಮೇಷ್ಟ್ರೊಬ್ಬರು ಹೊತ್ತು ಹೊತ್ತಿಗೆ ಮೈಕಿನಲ್ಲಿ ಸತ್ತವರ ಹೆಸರು ಓದುತ್ತಾರೆ. ಒಂದೊಂದು ಸಾವಿಗೂ ಪರದೆ ಮೇಲೆ ಹೆಸರು ಬರುತ್ತದೆ, ಇನ್ನೆಷ್ಟು ಜನ ಉಳಿದರು ಅನ್ನುವ ಲೆಕ್ಕ ಬರುತ್ತದೆ.

ಈಗ ನಿಮ್ಮ ಎರಡನೇ ಪುಟ ನೋಡಿ. ಕಾಲೇಜಿನವರು ಪ್ರತಿ ಸೋಮವಾರ ಪೋಷಕರ ವಾಟ್ಸಾಪ್ ಗ್ರೂಪಿಗೆ ರ್‍ಯಾಂಕ್ ಲಿಸ್ಟ್ ಹಾಕುತ್ತಾರೆ ಅಂತ ನೀವೇ ಬರೆದಿದ್ದೀರಿ. ಹೆಸರಿನ ಸಮೇತ. ಯಾರು ಮೇಲಿನ ಬ್ಯಾಚಿಗೆ, ಯಾರು ಕೆಳಗೆ ಅಂತ ಊರಿಗೆಲ್ಲ ಗೊತ್ತು. ಆ ಮಗುವಿಗೆ ಈ ಸಿನಿಮಾ ಯಾಕೆ ಹತ್ತಿರವಾಯಿತು ಅನ್ನುವುದು ಈಗ ಗೊತ್ತಾಯಿತಲ್ವಾ?

ಇನ್ನೊಂದು ಮಾತು ನಿಮ್ಮನ್ನು ಜಾಸ್ತಿ ಹೆದರಿಸಿದೆ. ‘ಲೈಟ್‌ಹೌಸ್ ಸೀನ್ ಒಂದನ್ನೇ ಹಿಂದೆ ಹಾಕಿ ಹಾಕಿ ನೋಡುತ್ತಾನೆ, ಅದರಲ್ಲಿ ಹುಡುಗಿಯರೆಲ್ಲ ಸಾಯುತ್ತಾರಂತೆ’ ಅಂದಿದ್ದೀರಿ. ಹೌದು, ಸಾಯುತ್ತಾರೆ. ಆದರೆ ಹೇಗೆ ಸಾಯುತ್ತಾರೆ ಅನ್ನುವುದು ಮುಖ್ಯ. ಆ ಹುಡುಗಿಯರು ಆಪ್ತ ಗೆಳತಿಯರು. ಹೊರಗೆ ಏನಾದರೂ ಆಗಲಿ, ನಾವು ಜೊತೆಗಿರೋಣ ಅಂತ ಲೈಟ್‌ಹೌಸ್ ಸೇರಿದವರು. ಗಾಯಗೊಂಡ ಒಬ್ಬ ಹುಡುಗನನ್ನು ಕರೆತಂದು ಆರೈಕೆ ಮಾಡುತ್ತಿದ್ದಾರೆ. ಅವರಲ್ಲೊಬ್ಬಳಿಗೆ ಆ ಹುಡುಗನ ಮೇಲೆ ಭಯ. ಅವನ ಊಟಕ್ಕೆ ವಿಷ ಹಾಕುತ್ತಾಳೆ. ಅದನ್ನು ಇನ್ನೊಬ್ಬ ಗೆಳತಿ ತಿಂದುಬಿಡುತ್ತಾಳೆ. ಅಲ್ಲಿಂದ ಮುಂದೆ ಯಾರು ಹಾಕಿದ್ದು, ಯಾರನ್ನು ನಂಬುವುದು ಅನ್ನುವ ಒಂದೇ ಪ್ರಶ್ನೆ. ಅನುಮಾನ ಹುಟ್ಟಿದ ಕೆಲವೇ ನಿಮಿಷದಲ್ಲಿ ಅಷ್ಟು ವರ್ಷದ ಗೆಳೆತನ ಮುಗಿದುಹೋಗುತ್ತದೆ. ಅವರಲ್ಲಿ ಯಾರೂ ಕೆಟ್ಟವರಲ್ಲ. ಗೆಳೆಯ ದೂರವಾದ ಹುಡುಗ ಆ ದೃಶ್ಯಕ್ಕೇ ಮತ್ತೆ ಮತ್ತೆ ಹೋಗುತ್ತಿದ್ದರೆ ಅವನಿಗೆ ಕೊಲೆಯ ಹುಚ್ಚು ಹಿಡಿದಿದೆ ಅಂತ ನಾನು ಒಪ್ಪುವುದಿಲ್ಲ. ಅವನ ಎದೆಯಲ್ಲಿ ನೋವಿದೆ.

ನಿಮ್ಮ ಮಗಳ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಈ ಚಿತ್ರದಲ್ಲಿ ರಕ್ತ ಜಾಸ್ತಿಯೇ ಇದೆ. ಸಾಯುವ ಮುಂಚೆ ಮಕ್ಕಳು ಉದ್ದುದ್ದ ಮಾತಾಡುತ್ತಾರೆ, ಪ್ರೀತಿ ಹೇಳಿಕೊಳ್ಳುತ್ತಾರೆ. ಕೆಲವರಿಗೆ ಅದು ಅತಿ ಅನ್ನಿಸುತ್ತದೆ. ಜಪಾನಿನಲ್ಲೇ ಜನ ಎರಡು ಭಾಗವಾದರು. ಬಿಡುಗಡೆಗೆ ಮುಂಚೆಯೇ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ಹದಿನೈದರ ಒಳಗಿನವರು ನೋಡಬಾರದು ಅಂತ ಆಯಿತು. ಆ ಗದ್ದಲದಿಂದಲೇ ಚಿತ್ರಮಂದಿರಗಳು ಇನ್ನಷ್ಟು ತುಂಬಿದವು. ಹದಿನೇಳರ ನಿಮ್ಮ ಮಗ ಅಲ್ಲಿದ್ದಿದ್ದರೆ ಟಿಕೆಟ್ ತೆಗೆದುಕೊಂಡೇ ನೋಡಬಹುದಿತ್ತು.

ಆದರೆ ಇದನ್ನು ಮಾಡಿದವರು ಯಾರು ಅಂತ ನಿಮ್ಮ ಮೈದುನ ತಿಳಿದುಕೊಳ್ಳಬೇಕಿತ್ತು. ಫುಕಾಸಾಕು ಆಗ ಎಪ್ಪತ್ತರ ಅಜ್ಜ. 1945ರಲ್ಲಿ ಹದಿನೈದರ ಹುಡುಗನಾಗಿದ್ದಾಗ ಅವರು ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಯುದ್ಧದ ಕೊನೆಯ ದಿನಗಳಲ್ಲಿ ಅಲ್ಲಿಗೆ ಹಡಗಿನ ತೋಪುಗಳ ದಾಳಿಯಾಯಿತು. ಬದುಕಲು ಮಕ್ಕಳು ಒಬ್ಬರ ಅಡಿಯಲ್ಲೊಬ್ಬರು ಅವಿತುಕೊಂಡರು. ಉಳಿದವರು ಸತ್ತ ಜೊತೆಗಾರರ ದೇಹಗಳನ್ನು ತೆಗೆಯಬೇಕಾಯಿತು. ದೊಡ್ಡವರು ಹೇಳಿದ್ದೆಲ್ಲ ಸುಳ್ಳು ಅಂತ ಅವತ್ತು ಗೊತ್ತಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಅಷ್ಟು ವರ್ಷ ಒಳಗಿದ್ದ ಸಿಟ್ಟು ಈ ಸಿನಿಮಾದಲ್ಲಿ ಹೊರಬಂದಿದೆ. ಆ ಸಿಟ್ಟು ಮಕ್ಕಳ ಮೇಲಲ್ಲ, ಅವರನ್ನು ಆ ದ್ವೀಪಕ್ಕೆ ಕಳಿಸಿದ ದೊಡ್ಡವರ ಮೇಲೆ.

ಮೈದುನರ ಮಾತು ಬಂತು, ಹೇಳಿಯೇ ಬಿಡುತ್ತೇನೆ. ನಿಮ್ಮ ಮನೆಯ ಈ ಅವಾಂತರದಲ್ಲಿ ದೊಡ್ಡ ತಪ್ಪು ಅವರದೇ. ಮಕ್ಕಳ ವಿಷಯವನ್ನು ನೆಂಟರ ಮುಂದೆ ಎತ್ತಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನನಗೆ ಸಾಕಾಗುವುದಿಲ್ಲ. ರ್‍ಯಾಂಕ್ ಲಿಸ್ಟಿನಲ್ಲಿ ಆ ಹುಡುಗನ ಮಾನ ಆಗಲೇ ಹೋಗಿತ್ತು, ಇವರು ಊಟದ ಪಂಕ್ತಿಯಲ್ಲಿ ಇನ್ನೊಮ್ಮೆ ಕಳೆದರು. ಅರ್ಧ ಗಂಟೆ ನೋಡಿದವರಿಗೆ ತೀರ್ಪು ಕೊಡುವ ಹಕ್ಕಿಲ್ಲ. ಅವರು ಬಂದು ಹುಡುಗನ ಹತ್ತಿರ ಕ್ಷಮೆ ಕೇಳಲಿ. ಯಜಮಾನರು ಹೆದರಿ ಫೋನ್ ಕಿತ್ತುಕೊಂಡಿದ್ದಾರೆ, ಅವರ ಮೇಲೆ ನನಗೆ ಅಷ್ಟು ಕೋಪವಿಲ್ಲ. ಆದರೂ ಫೋನ್ ಇವತ್ತೇ ವಾಪಸ್ ಹೋಗಬೇಕು. ಅವನ ಗೆಳೆಯನ ನಂಬರ್ ಇರುವುದು ಅದರಲ್ಲೇ.

ನೀವು ಮಾಡಬೇಕಾದದ್ದು ಒಂದೇ ಕೆಲಸ. ಈ ಭಾನುವಾರ ಮಗನ ಪಕ್ಕ ಕೂತು ಆ ಸಿನಿಮಾವನ್ನು ಪೂರ್ತಿ ನೋಡಿ. ಎರಡು ಗಂಟೆಯ ಆಸುಪಾಸು ಅಷ್ಟೇ. ನೀವೊಬ್ಬರೇ ಕೂತರೆ ಸಾಕು, ಮನೆಮಂದಿಯನ್ನೆಲ್ಲ ಸೇರಿಸಬೇಡಿ. ನೋಡಲು ಕಷ್ಟವಾಗುತ್ತದೆ, ಕಣ್ಣು ಮುಚ್ಚಬೇಕು ಅನ್ನಿಸಿದರೆ ಮುಚ್ಚಿಕೊಳ್ಳಿ, ಎದ್ದು ಮಾತ್ರ ಹೋಗಬೇಡಿ. ನಡುವೆ ಬುದ್ಧಿ ಹೇಳಬೇಡಿ. ಮುಗಿದ ಮೇಲೆ ಮಾರ್ಕ್ಸ್ ಮಾತು ಬೇಡ, ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆಯೂ ಬೇಡ. ಗೆಳೆಯನ ಹೆಸರು ಹಿಡಿದು, “ಅವನು ಯಾಕಪ್ಪಾ ಬರ್ತಿಲ್ಲ?” ಅಂತ ಕೇಳಿ. ಅವನು ಸುಮ್ಮನಿದ್ದರೆ ನೀವೂ ಸುಮ್ಮನೆ ಕೂತಿರಿ.

ಇನ್ನೊಂದು ವಿಷಯ. ಆ ಕೊಲ್ಲುವ ಆಟ ಆಡಲು ಒಪ್ಪದೆ ತಾವೇ ಪ್ರಾಣ ಕಳೆದುಕೊಳ್ಳುವ ಮಕ್ಕಳೂ ಈ ಸಿನಿಮಾದಲ್ಲಿದ್ದಾರೆ. ಅವರ ಬಗ್ಗೆ ಮಾತಾಡುವಾಗ ಅವನು ತನ್ನ ಬಗ್ಗೆಯೂ ಹಾಗೇನಾದರೂ ಹೇಳಿದರೆ, ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಾಗೇನೂ ಹೇಳದಿದ್ದರೆ ಸೋಮವಾರ ಬೆಳಿಗ್ಗೆ ಆ ಗೆಳೆಯನ ತಾಯಿಗೆ ಒಂದು ಫೋನ್ ಮಾಡಿ, ಹುಡುಗನನ್ನು ಊಟಕ್ಕೆ ಕಳಿಸಿ ಅನ್ನಿ.