80/100, ವಿಜಿ-10, ವಿಜಿ-30: ತೋಟದ ರಸ್ತೆಗೆ ಯಾವ ಡಾಂಬರು?

ಕೊಟೇಶನ್‌ನಲ್ಲಿ ವಿಜಿ-10, ಕಂಟ್ರಾಕ್ಟರ್ ಬಾಯಲ್ಲಿ 80/100, ಬಂದ ಡ್ರಮ್ಮಿನ ಮೇಲೆ ವಿಜಿ-30. ಮೂರೂ ಒಂದೇನಾ ಅಂತ ಕೇಳಿದ್ದೀರಿ. ಮೊದಲೆರಡು ಹೆಚ್ಚುಕಡಿಮೆ ಒಂದೇ. ಮೂರನೆಯದು ಬೇರೆ.

80/100 ಹಳೆಯ ಲೆಕ್ಕ. 25 ಡಿಗ್ರಿಯಲ್ಲಿಟ್ಟ ಡಾಂಬರಿಗೆ 100 ಗ್ರಾಂ ಭಾರದ ಸೂಜಿ 5 ಸೆಕೆಂಡಿನಲ್ಲಿ 8ರಿಂದ 10 ಮಿ.ಮೀ. ಇಳಿಯುತ್ತದೆ ಎಂದರ್ಥ. ಅಲ್ಲಿ ಅಂಕಿ ದೊಡ್ಡದಾದಷ್ಟೂ ಮಾಲು ಮೆತ್ತಗೆ. ವಿಜಿಯಲ್ಲಿ (ವಿಸ್ಕಾಸಿಟಿ ಗ್ರೇಡ್) ಉಲ್ಟಾ, ಅಂಕಿ ದೊಡ್ಡದಾದಷ್ಟೂ ಮಾಲು ಗಟ್ಟಿ; ಗೊಂದಲ ಹುಟ್ಟುವುದೇ ಇಲ್ಲಿ. ಅದು 60 ಡಿಗ್ರಿಯಲ್ಲಿ ಅಳೆದ ಸ್ನಿಗ್ಧತೆ, ಅಂದರೆ ಸುಲಭವಾಗಿ ಹರಿಯದ ಮಂದತನ; ಅದರ ಅಳತೆ ಪಾಯ್ಸ್‌ನಲ್ಲಿ: ವಿಜಿ-10ಕ್ಕೆ ಕನಿಷ್ಠ 800 ಪಾಯ್ಸ್, ವಿಜಿ-30ಕ್ಕೆ 2400.

ಕಾಫಿ ಲೋಡಿನ ಲಾರಿ ಏರು ತಿರುವಿನಲ್ಲಿ ಫಸ್ಟ್ ಗೇರಲ್ಲಿ ಹತ್ತುವ ಜಾಗಕ್ಕೆ ವಿಜಿ-30 ಒಳ್ಳೆಯದೇ, ವಾಪಸ್ ಕಳಿಸಬೇಡಿ. ಆದರೆ ಅದು ಬೇಗ ಬಿಗಿಯುತ್ತದೆ. ಹರಡುವಾಗ 140 ಡಿಗ್ರಿ, ರೋಲರ್ ಮುಗಿಸುವಾಗ 90 ಡಿಗ್ರಿಗಿಂತ ಕಮ್ಮಿ ಇರಬಾರದು. ಮಡಿಕೇರಿ ಚಳಿಯಲ್ಲಿ ಬೆಳಿಗ್ಗೆ ಏಳಕ್ಕೇ ಶುರುಮಾಡಿದರೆ ತೆಳು ಪದರ ರೋಲರ್ ಬರುವಷ್ಟರಲ್ಲೇ ತಣ್ಣಗಾಗಿ ಒಳಗೆ ಸಂದು ಉಳಿಯುತ್ತದೆ, ಜೂನ್ ಮಳೆ ಅಲ್ಲಿಂದಲೇ ಇಳಿಯುತ್ತದೆ.

ನಿಜ ಹೇಳಬೇಕೆಂದರೆ ನಮ್ಮ ಕಡೆ ರಸ್ತೆ ಕಿತ್ತು ಏಳುವುದು ಗ್ರೇಡ್ ತಪ್ಪಿ ಅಲ್ಲ, ಜಲ್ಲಿಯಿಂದ ಡಾಂಬರು ಬಿಡುವುದರಿಂದ. ಡಾಂಬರು ಹಚ್ಚಿದ ಜಲ್ಲಿಯನ್ನು 40 ಡಿಗ್ರಿ ನೀರಿನಲ್ಲಿ 24 ಗಂಟೆ ಮುಳುಗಿಸಿದ ಮೇಲೂ ಶೇ. 95ರಷ್ಟು ಲೇಪ ಉಳಿಯಬೇಕು. ಉಳಿಯದಿದ್ದರೆ ಜಲ್ಲಿಯಿಂದ ಡಾಂಬರು ಬಿಡದಂತೆ ಹಿಡಿದಿಡುವ ಆಂಟಿ-ಸ್ಟ್ರಿಪ್ಪಿಂಗ್ ದ್ರಾವಣ ಬೆರೆಸಲು ಹೇಳಿ. ದೂಳು ಹಿಡಿದ ಜಲ್ಲಿಯನ್ನಂತೂ ಇಳಿಸಿಕೊಳ್ಳಲೇಬೇಡಿ.