ಥೇಟರು ಹೊಸದಾಯಿತು, ಮಾತು ಕಲಸಿತು

ಪ್ರಶ್ನೆ: ನಮ್ಮ ಹಳೇ ನಾಟಕ ಥೇಟರಿನ ಹಂಚು, ಹಲಗೆ ಇಳಿಸಿ ಆರ್‌ಸಿಸಿ ಸ್ಲ್ಯಾಬ್ ಹಾಕಿದ್ದೇವೆ. ಅಳತೆ ಮೊದಲಿನದೇ: ಉದ್ದ 20 ಮೀಟರ್, ಅಗಲ 12, ಎತ್ತರ 8, ಸೀಟು 400. ಈಗ ಹಿಂದಿನ ಸಾಲಿಗೆ ಮಾತು ಕಲಸಿ ಕೇಳುತ್ತದೆ. ವೆನಿಸ್ಸಿನ ಲಾ ಫೆನಿಚೆ ಒಪೆರಾ ಮಂದಿರವನ್ನೂ ಇದ್ದಹಾಗೇ ಕಟ್ಟಿದರಂತಲ್ಲ, ನಮ್ಮದೇಕೆ ಹೀಗೆ? ಗೋಡೆಗೆಲ್ಲ ಫೋಮ್ ಅಂಟಿಸಲೇ?
– ಓದುಗರು, ವಿಜಯಪುರ

ಉತ್ತರ: 1996ರ ಜನವರಿಯಲ್ಲಿ ಸುಟ್ಟ ಫೆನಿಚೆ 2003ರ ಡಿಸೆಂಬರಿನಲ್ಲಿ ತೆರೆದಾಗ ಆಕಾರದ ಜೊತೆ ಒಳಗಿನ ಮರಗೆಲಸವೂ ಮರಳಿತ್ತು. ನೀವು ಆಕಾರ ಉಳಿಸಿ ಸಾಮಾನು ಬದಲಿಸಿದ್ದೀರಿ. ಹಂಚಿನ ಸಂದಿಯಲ್ಲಿ ಸೋರುತ್ತಿದ್ದ, ತೆಳು ಹಲಗೆ ಅದುರಿ ನುಂಗುತ್ತಿದ್ದ ಸದ್ದು ಈಗ ಒಳಗೇ ಸುತ್ತುತ್ತಿದೆ.

ನಾಟಕಕ್ಕೆ ಗುಂಗು, ಅಂದರೆ ಮಾತು ನಿಂತ ಮೇಲೂ ಒಳಗೆ ಉಳಿಯುವ ಸದ್ದು, ಒಂದು ಸೆಕೆಂಡಿನೊಳಗೆ ಆರಬೇಕು. ನಿಮ್ಮ ಸಭಾಂಗಣ 1920 ಘನ ಮೀಟರ್. ಒಂದು ಸೆಕೆಂಡಿನ ಲೆಕ್ಕಕ್ಕೆ ಅದನ್ನು 0.16ರಿಂದ ಗುಣಿಸಿದರೆ 307. ಅಂದರೆ ಸುಮಾರು ಅಷ್ಟು ಚದರ ಮೀಟರ್ ಪೂರ್ತಿ ಹೀರುವ ಮೈ ಬೇಕು. ತಲೆಗೆ 0.45 ಚದರ ಮೀಟರಿನಂತೆ 400 ಜನ 180 ಕೊಡುತ್ತಾರೆ, ಗಾರೆ-ಕಾಂಕ್ರೀಟು ಸೇರಿ ಇಪ್ಪತ್ತು ಚಿಲ್ಲರೆ. ಉಳಿದ 105ಕ್ಕೆ, ನೂರಕ್ಕೆ 80 ಹೀರುವ ಹೊದಿಕೆ 130 ಚದರ ಮೀಟರ್ ಸಾಕು. ಮೊದಲು ಹಿಂದಿನ ಗೋಡೆ ಪೂರ್ತಿ (96 ಚದರ ಮೀಟರ್), ಮಿಕ್ಕದ್ದು ಪಕ್ಕದ ಗೋಡೆಗಳ ಹಿಂಭಾಗದ ಮೇಲ್ತುದಿಗೆ. ಮುಂದಿನ ಸಾಲನ್ನು ಕಾಡುವುದೂ ಆ ಹಿಂಗೋಡೆಯೇ: ಸದ್ದು 40 ಮೀಟರ್ ಹೋಗಿ ಬರಲು ಸುಮಾರು ಸೆಕೆಂಡಿನ ಎಂಟನೇ ಒಂದು ಪಾಲು ಹಿಡಿಯುತ್ತದೆ. ಅದು ಬೇರೆಯೇ ಮಾರ್ದನಿಯಾಗಿ ಕೇಳುತ್ತದೆ. ವೇದಿಕೆ ಮುಂದಿನ ಛಾವಣಿಯನ್ನು ಮಾತ್ರ ಮುಟ್ಟಬೇಡಿ. ಮಾತನ್ನು ಹಿಂದಕ್ಕೆ ದಾಟಿಸುವುದು ಅದೇ.

ಫೋಮ್ ಬೇಡವೇ ಬೇಡ. ಒಂದಿಂಚಿನದು ‘ಸ’ಕಾರ, ‘ತ’ಕಾರಗಳನ್ನು ನುಂಗಿ ಡಗ್ಗಾದ ಗುಂಯ್ ಹಾಗೇ ಬಿಡುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಗೋಡೆಗೆ ಮರದ ಚೌಕಟ್ಟು ಕೂಡಿಸಿ, ಹಿಂದೆ 50 ಮಿಲಿಮೀಟರ್ ಖಾಲಿ ಬಿಟ್ಟು, 50 ಮಿಲಿಮೀಟರ್ ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ಕೂಡಿಸಿ. ಮೇಲೆ ತೆಳು ಕರಿ ಬಟ್ಟೆ, ಅದರ ಮೇಲೆ ನೂರಕ್ಕೆ 20 ಭಾಗ ತೆರೆದಿರುವ ತೂತಿನ ಪ್ಲೈವುಡ್. ಕೆಲಸ ಕೆಡುವುದು ಸಾಮಾನ್ಯವಾಗಿ ಕೊನೇ ದಿನ: ಪೇಂಟರು ರೋಲರ್ ಆಡಿಸಿ ತೂತೆಲ್ಲ ಮುಚ್ಚುತ್ತಾನೆ. ಹಲಗೆಗೆ ಬಣ್ಣ ಹಚ್ಚಿ, ತೂತು ಕೊರೆಸಿದ ಮೇಲೆಯೇ ಬಟ್ಟೆಯ ಮುಂದೆ ಹೊಡೆಸಿ.

ಪ್ರಶ್ನೆ: ಛಾವಣಿಯ ನಡುವೆ ಪಿಓಪಿ ಗುಮ್ಮಟ ಮಾಡಿಸಬಹುದೇ?

ಉತ್ತರ: ಪಿಸುಮಾತು ಗೋಡೆ ಹಿಡಿದು ಸುತ್ತುವುದನ್ನು ಗೋಲಗುಮ್ಮಟದಲ್ಲಿ ಕೇಳಿದ್ದೀರಿ, ನಾಟಕಕ್ಕೆ ಅದು ಶತ್ರು. ಒಳಬಾಗಿದ ಮೈ ಸದ್ದನ್ನು ಒಂದೇ ಕಡೆ ಗುಡ್ಡೆ ಹಾಕುತ್ತದೆ. ಮಾಡಿಸಲೇಬೇಕೆಂದರೆ, 8 ಮೀಟರ್ ಎತ್ತರಕ್ಕೆ ಬಾಗಿನ ತ್ರಿಜ್ಯ 4 ಮೀಟರಿಗಿಂತ ಕಡಿಮೆ ಇರಲಿ, ಇಲ್ಲವೇ 16 ದಾಟಲಿ.